ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿಗಳ ಹಾಜರಿ

ಬೆಳಗಿನ ಐದೂವರೆ. ಚಾಮರಾಜಪುರಂ ರೈಲು ನಿಲ್ದಾಣದ ಮುಂದಿನ ಬೀದಿದೀಪ ಇನ್ನೂ ಆರಿಲ್ಲ. ರಾತ್ರಿ ಬಿದ್ದ ಚಿತ್ತಾ ಮಳೆಗೆ ರಸ್ತೆ ಒದ್ದೆಯಾಗಿದೆ. ನಂಜನಗೂಡು, ಚಾಮರಾಜನಗರದ ಕಡೆಗೆ ಹೋಗುವ ಗಾಡಿಗಳು ಒಂದು ಗಳಿಗೆ ನಿಂತು ಹೊರಡುವ ಈ ಪುಟ್ಟ ನಿಲ್ದಾಣದ ಎದುರು ಆರು ಮಂದಿ ಸೇರಿದ್ದಾರೆ. ಯಾರ ಕೈಯಲ್ಲೂ ಪೆಟ್ಟಿಗೆ ಇಲ್ಲ, ಹಾಸಿಗೆ ಇಲ್ಲ. ಇಬ್ಬರ ಕೊರಳಲ್ಲಿ ಬೈನಾಕ್ಯುಲರ್, ಒಬ್ಬರ ಬಗಲಲ್ಲಿ ರಟ್ಟಿನ ಹಲಗೆಗೆ ಸಿಕ್ಕಿಸಿದ ಕಾಗದ, ಪೆನ್ಸಿಲು. ಇವರು ಊರು ಬಿಟ್ಟು ಹೋಗುವವರಲ್ಲ. ದೂರದ ಊರುಗಳಿಂದ ಬಂದವರನ್ನು ಎಣಿಸಲು ಹೊರಟವರು!

ಅಕ್ಟೋಬರ್ ತಿಂಗಳ ಎರಡನೆಯ ಶನಿವಾರ. ಜಗತ್ತಿನ ನಾನಾ ದೇಶಗಳ ಪಕ್ಷಿವೀಕ್ಷಕರು ಈ ಒಂದು ದಿನ ತಮ್ಮ ತಮ್ಮ ಊರಿನ ಹಕ್ಕಿಗಳನ್ನು ಎಣಿಸಿ ಲೆಕ್ಕ ಒಪ್ಪಿಸುತ್ತಾರೆ. 2018ರಿಂದ ನಡೆದುಬಂದಿರುವ ಈ ಶರತ್ಕಾಲದ ಗಣತಿಗೆ ಮೈಸೂರಿನ ಹವ್ಯಾಸಿಗಳದ್ದೂ ಒಂದು ಪಾಲು. ನಮ್ಮ ಗುಂಪಿನಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು, ಇಬ್ಬರು ಕಾಲೇಜು ಹುಡುಗರು, ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಅವಳನ್ನು ಕರೆತಂದ ತಂದೆ ಮತ್ತು ಈ ಲೇಖಕ.

ತಂದೆಯ ಮುಖದಲ್ಲಿ ನಿದ್ದೆ ಇನ್ನೂ ತಿಳಿದಿರಲಿಲ್ಲ. "ಮುಂದಿನ ವರ್ಷ ಇವಳಿಗೆ ಎಸ್ಸೆಸ್ಸೆಲ್ಸಿ ಸಾರ್. ಹಕ್ಕಿ ಎಣಿಸಿದ್ರೆ ಓದಿಗೇನಾದ್ರೂ ಪ್ರಯೋಜನ ಉಂಟಾ?" ಎಂದು ಕೇಳಿದರು. ಮೇಷ್ಟ್ರು ನಕ್ಕು, "ಮೊದಲು ಕೆರೆ ನೋಡೋಣ ಬನ್ನಿ. ಆಮೇಲೆ ನೀವೇ ಹೇಳುವಿರಂತೆ" ಎಂದರು.

ಗಣತಿ ಕೆರೆಯಲ್ಲೇ ಶುರುವಾಗಬೇಕೆಂದೇನಿಲ್ಲ. ಚಾಮರಾಜಪುರಂನ ಹಳೆಯ ಮನೆಗಳ ಕಾಂಪೌಂಡಿನೊಳಗೆ ಸಂಪಿಗೆ, ಮಾವು, ತೆಂಗು ಇನ್ನೂ ಅಷ್ಟಿಷ್ಟು ಉಳಿದಿವೆ. ಕತ್ತಲು ಹರಿಯುವ ಮುನ್ನವೇ ಮಡಿವಾಳ ಹಕ್ಕಿ ಒಂದು ಹೆಂಚಿನ ಮನೆಯ ಮೂಲೆಯಿಂದ ಸಿಳ್ಳೆ ಹಾಕಿತು. ಬಳಿಕ ಕಾಗೆ, ಆಮೇಲೆ ಗೊರವಂಕ, ಪಿಕಳಾರ. ಎಲ್ಲಿಂದಲೋ 'ಕುಟ್ರು... ಕುಟ್ರು...' ಎಂದು ತನ್ನ ಹೆಸರನ್ನೇ ಹೇಳಿಕೊಳ್ಳುವ ಕುಟ್ರುಹಕ್ಕಿ. ರೈಲು ಹಳಿ ದಾಟಿ ಸರಸ್ವತಿಪುರಂನ ರಸ್ತೆಗಳಲ್ಲಿ ನಡೆಯುತ್ತ ಕೆರೆಯ ಗೇಟು ತಲುಪುವಷ್ಟರಲ್ಲಿ ಹುಡುಗಿಯ ಕಾಗದದ ಮೊದಲ ಸಾಲುಗಳು ತುಂಬಿದ್ದವು.

ಮಹಾರಾಜರ ಕೆರೆ, ಕವಿಯ ದಾರಿ

ಕುಕ್ಕರಹಳ್ಳಿ ಕೆರೆಯನ್ನು ಕಟ್ಟಿಸಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ಉದ್ದೇಶ ಹಕ್ಕಿಗಳಲ್ಲ, ಬೇಸಾಯ. ಅಂದಿನ ಊರಾಚೆಯ ಜಮೀನುಗಳಿಗೆ ನೀರುಣಿಸಲು ಕಟ್ಟಿದ ಕೆರೆ ಇದು. ನೀರಿನ ಹರವು ಸುಮಾರು 62 ಹೆಕ್ಟೇರ್, ಅಂದರೆ ನೂರೈವತ್ತು ಎಕರೆಯಷ್ಟು. ದಡದ ಸುತ್ತಳತೆ ಐದು ಕಿಲೋಮೀಟರಿಗೆ ಹತ್ತಿರ. ದಿವಾನ್ ಪೂರ್ಣಯ್ಯನವರ ಹೆಸರಿನ ನಾಲೆ ಒಂದು ಕಾಲಕ್ಕೆ ಮಳೆಯ ನೀರನ್ನು ಇಲ್ಲಿಗೆ ತರುತ್ತಿತ್ತು. ಬಡಾವಣೆಗಳು ಬೆಳೆದಂತೆ ಆ ನಾಲೆಯ ಜಾಡು ಅಲ್ಲಲ್ಲಿ ಮುಚ್ಚಿಹೋಯಿತು. ಗದ್ದೆಗಳೂ ಇಲ್ಲವಾದವು. ಕೆರೆ ಮಾತ್ರ ಉಳಿಯಿತು, ಮೈಸೂರು ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯ ಮಗ್ಗುಲಲ್ಲಿ.

ಮಾನಸಗಂಗೋತ್ರಿ ಎಂಬ ಹೆಸರಿಟ್ಟ ಕುವೆಂಪು ಈ ಕೆರೆಯ ದಂಡೆಯಲ್ಲಿ ನಡೆದಾಡಿದವರು. ಅವರು ಅಡ್ಡಾಡಿದ ಹಾದಿಯನ್ನು ಇಂದಿಗೂ ಅವರ ಹೆಸರಿನಿಂದಲೇ ಕರೆಯುತ್ತಾರೆ. ಆರ್.ಕೆ. ನಾರಾಯಣ್ ಕೂಡ ತಮ್ಮ ಆತ್ಮಕಥೆಯಲ್ಲಿ ಈ ಕೆರೆಯನ್ನು ನೆನೆದಿದ್ದಾರೆ. ಕುವೆಂಪು ಅವರ ಮಗ ಪೂರ್ಣಚಂದ್ರ ತೇಜಸ್ವಿ ಮುಂದೆ ಕನ್ನಡದ ಮಕ್ಕಳಿಗೂ ದೊಡ್ಡವರಿಗೂ ಹಕ್ಕಿಗಳ ಹುಚ್ಚು ಹಿಡಿಸಿದ್ದನ್ನು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲ.

ಇಂದು ಈ ದಾರಿಯಲ್ಲಿ ವಾಕಿಂಗ್ ಮಾಡುವವರದೇ ಸಂಭ್ರಮ. ರಕ್ತದೊತ್ತಡದವರು, ಸಕ್ಕರೆ ಕಾಯಿಲೆಯವರು, ಪ್ರಾಣಾಯಾಮದವರು, ರಾಜಕೀಯ ಮಾತಾಡುವವರು. ಬಿರುಸಾಗಿ ನಡೆಯುವವರ ನಡುವೆ ಹತ್ತು ಹೆಜ್ಜೆಗೊಮ್ಮೆ ನಿಂತು ನೀರನ್ನೇ ದಿಟ್ಟಿಸುವ ನಮ್ಮ ಗುಂಪನ್ನು ಕಂಡು ಒಬ್ಬರು "ಏನಾದ್ರೂ ಬಿತ್ತೇ ಸ್ವಾಮಿ?" ಎಂದು ಕಾಳಜಿಯಿಂದ ವಿಚಾರಿಸಿದರು.

ಹೆಸರಿನಲ್ಲೇ ಗುರುತು

ಮೊದಲು ಕಂಡದ್ದು ನೀರುಕಾಗೆಗಳು. ದಡಕ್ಕೆ ಬಾಗಿದ ಮರವೊಂದರ ತುಂಬ ಕಪ್ಪು ಕಾಯಿಗಳಂತೆ ಕುಳಿತಿದ್ದವು. ಕೆಲವು ರೆಕ್ಕೆಗಳನ್ನು ಅಗಲಿಸಿ, ಒಗೆದ ಬಟ್ಟೆ ಒಣಹಾಕಿದ ಹಾಗೆ ನಿಂತಿದ್ದವು. ಇದು ಸೋಮಾರಿತನವಲ್ಲ. ಬಾತುಗಳ ಗರಿಯ ಹಾಗೆ ನೀರುಕಾಗೆಯ ಗರಿ ನೀರನ್ನು ತಳ್ಳುವುದಿಲ್ಲ, ಹೀರುತ್ತದೆ. ಒದ್ದೆಯಾದ ಮೈ ಭಾರವಾಗಿ ಮುಳುಗುವುದು ಸುಲಭ. ಮೀನು ಹಿಡಿಯಲು ಅನುಕೂಲ. ಬೇಟೆ ಮುಗಿದ ಮೇಲೆ ಒಣಗಿಸಿಕೊಳ್ಳಲೇಬೇಕು.

ಅದರ ನೆಂಟ ಹಾವಕ್ಕಿ. ದೇಹವನ್ನೆಲ್ಲ ನೀರಲ್ಲಿ ಅದ್ದಿ ಉದ್ದ ಕುತ್ತಿಗೆಯನ್ನಷ್ಟೇ ಮೇಲಕ್ಕೆತ್ತಿ ಈಜುವಾಗ ಹಾವೇ ಹೆಡೆಯೆತ್ತಿ ಹೊರಟಂತೆ ಕಾಣುತ್ತದೆ. ನಮ್ಮ ಜನ ಹಕ್ಕಿಗಳಿಗೆ ಇಟ್ಟ ಹೆಸರುಗಳೇ ಅರ್ಧ ಪಾಠ ಹೇಳಿಬಿಡುತ್ತವೆ. ಗುಳುಕ್ಕೆಂದು ಮುಳುಗಿ ಇನ್ನೆಲ್ಲೋ ಮೇಲೇಳುವುದು ಗುಳುಮುಳುಕ. ಕಪ್ಪು ಮೈ, ಹಣೆಯ ಮೇಲೆ ಅಚ್ಚ ಬಿಳಿಯ ನಾಮ ಇದ್ದರೆ ನಾಮದ ಕೋಳಿ. ಎಲೆಗಳ ಮೇಲೆ ಮುಳುಗದೆ ನಡೆಯುವ ಉದ್ದ ಬೆರಳುಗಳ ಹಕ್ಕಿ ದೇವನಕ್ಕಿ. ಮೇಲ್ಕೊಕ್ಕಿಗೂ ಕೆಳಕೊಕ್ಕಿಗೂ ನಡುವೆ ಸಂದು ಬಿಟ್ಟಿರುವುದು ಬಾಯ್ಕಳಕ ಕೊಕ್ಕರೆ. ಶಂಖದ ಹುಳುವನ್ನು ಚಿಪ್ಪಿನಿಂದ ಬಿಡಿಸಿ ತಿನ್ನಲು ಒದಗಿದ ಕೊಕ್ಕು ಅದು.

ಅಷ್ಟರಲ್ಲಿ ಕೆರೆಯ ನಡುವಿನಿಂದ ಹೆಜ್ಜಾರ್ಲೆಗಳು ಎದ್ದವು. ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಮಿಕ್ಕಿದ ಅಗಲ. ನೀರನ್ನು ಕಾಲಿನಿಂದ ತಟ್ಟುತ್ತ, ಭಾರದ ಮೈಯನ್ನು ಕಷ್ಟಪಟ್ಟು ಎತ್ತಿಕೊಂಡು, ಒಮ್ಮೆ ಗಾಳಿ ಸಿಕ್ಕಿದ ಮೇಲೆ ಮಾತ್ರ ಎಷ್ಟು ಹಗುರ! ಕೊಕ್ಕಿನ ಕೆಳಗೆ ಜೋಳಿಗೆ ಹೊತ್ತ ಈ ಹಕ್ಕಿಗಳು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಮನೆಗಳ ನಡುವಿನ ಮರಗಳ ಮೇಲೇ ಗೂಡು ಕಟ್ಟುತ್ತವೆ. ಅಲ್ಲಿನ ಜನ ಅವನ್ನು ತವರಿಗೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಳ್ಳುತ್ತಾರೆ. 2007ರಲ್ಲಿ ಆ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಮೈಸೂರಿನ ಪಟ್ಟಣಿಗರಿಗೆ ಅದೇ ಹಕ್ಕಿ ವಾಕಿಂಗ್ ದಾರಿಯಲ್ಲೇ ನೋಡಸಿಗುವುದು ಸಣ್ಣ ಭಾಗ್ಯವೇನಲ್ಲ.

ಎಣಿಸುವುದೂ ಒಂದು ವಿದ್ಯೆ

ಹಕ್ಕಿ ಎಣಿಸುವುದೆಂದರೆ ಒಂದು, ಎರಡು, ಮೂರು ಎನ್ನುವುದು ತಾನೆ ಎಂದುಕೊಂಡರೆ ಮೋಸಹೋಗುತ್ತೀರಿ. ಹಕ್ಕಿಗಳು ಮಕ್ಕಳ ಹಾಗೆ ಸಾಲಾಗಿ ನಿಂತು ಹಾಜರಿ ಹೇಳುವುದಿಲ್ಲ. ಅದಕ್ಕಾಗಿಯೇ ಕೆಲವು ನಿಯಮಗಳಿವೆ. ಮನೆಯಲ್ಲಿ ಮಕ್ಕಳೂ ಇವನ್ನು ರೂಢಿಸಿಕೊಳ್ಳಬಹುದು.

ಒಂದು, ಸೂರ್ಯ ಬೆನ್ನಿಗಿರುವಂತೆ ನಿಲ್ಲಬೇಕು. ಬಿಸಿಲು ಎದುರಿಗಿದ್ದರೆ ಎಲ್ಲ ಹಕ್ಕಿಯೂ ಕರಿಹಕ್ಕಿಯೇ. ಎರಡು, ಕೆಲಸ ಹಂಚಿಕೊಳ್ಳಬೇಕು. ಒಬ್ಬರು ಗುರುತಿಸುವುದು, ಒಬ್ಬರು ಎಣಿಸುವುದು, ಒಬ್ಬರು ಬರೆಯುವುದು. ಮೂರು, ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಬಾರದು. ನಾವು ಮುಂದಕ್ಕೆ ನಡೆಯುತ್ತಿರುವಾಗ ಬೆನ್ನ ಹಿಂದಿನಿಂದ ಹಾರಿ ಬಂದದ್ದು ಆಗಲೇ ಲೆಕ್ಕಕ್ಕೆ ಬಂದಿರಬಹುದು, ಅದನ್ನು ಬಿಡಬೇಕು. ಎದುರಿನಿಂದ ಬಂದು ಹಿಂದಕ್ಕೆ ಹೋದದ್ದನ್ನು ಸೇರಿಸಬೇಕು. ನಾಲ್ಕು, ದೊಡ್ಡ ಹಿಂಡಾದರೆ ಮೊದಲು ಹತ್ತನ್ನು ಎಣಿಸಿ, ಆ ಹತ್ತು ಎಷ್ಟು ಜಾಗ ಹಿಡಿಯುತ್ತದೆ ಎಂದು ಕಣ್ಣಳತೆ ಮಾಡಿ, ಹಿಂಡಿನಲ್ಲಿ ಅಂಥ ಎಷ್ಟು ಹತ್ತುಗಳಿವೆ ಎಂದು ನೋಡಬೇಕು. ಐದು, ಪ್ರತಿಸಲ ಅದೇ ದಾರಿ, ಅದೇ ಹೊತ್ತು, ಆದಷ್ಟು ಅಷ್ಟೇ ಸಮಯ. ಇಲ್ಲದಿದ್ದರೆ ಈ ವರ್ಷದ ಲೆಕ್ಕವನ್ನು ಹೋದ ವರ್ಷದ ಲೆಕ್ಕದ ಪಕ್ಕದಲ್ಲಿಡಲು ಬರುವುದಿಲ್ಲ.

ಕಿವಿಯೂ ಲೆಕ್ಕಕ್ಕೆ ಬೇಕು. ದಡದ ಪೊದೆಯೊಳಗಿಂದ 'ಚೆಕ್... ಚೆಕ್...' ಎಂಬ ಒಣ ಸದ್ದು ಬರುತ್ತಿತ್ತು. "ಉಲಿಯಕ್ಕಿ. ರಷ್ಯಾ, ಮಧ್ಯ ಏಷ್ಯಾ ಕಡೆಯಿಂದ ಬಂದದ್ದು. ಮುಖ ತೋರಿಸದಿದ್ದರೂ ಪರವಾಗಿಲ್ಲ, ಬರಕೋ" ಎಂದರು ಮೇಷ್ಟ್ರು. ಅಂಗೈಯಲ್ಲಿ ಅಡಗುವ, ಹತ್ತು-ಹನ್ನೆರಡು ಗ್ರಾಂ ತೂಗುವ ಆ ಜೀವ ಸಾವಿರಾರು ಕಿಲೋಮೀಟರು ದಾಟಿ ಕುಕ್ಕರಹಳ್ಳಿಯ ಪೊದೆಗೆ ಬಂದಿತ್ತು. ದಡದ ಕಲ್ಲಿನ ಮೇಲೆ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತಿದ್ದ ಬೂದು ಸಿಪಿಲೆಯೂ ಹಿಮಾಲಯದಾಚೆ ಈಚೆಯ ಅತಿಥಿಯೇ. ನೀರಿನ ಮೇಲೆ ಸುಯ್ಯನೆ ಹಾರುತ್ತಿದ್ದ ಅಂಬರಗುಬ್ಬಿಗಳೂ ಅಷ್ಟೇ. ಶರತ್ಕಾಲದ ಗಣತಿಯ ಸೊಗಸು ಇದೇ. ಮನೆಯವರು ಯಾರು, ನೆಂಟರು ಯಾರು, ಯಾರು ಬಂದರು, ಯಾರು ಇನ್ನೂ ದಾರಿಯಲ್ಲಿದ್ದಾರೆ ಎಂಬುದು ತಿಳಿಯುವುದು ಈ ದಿನಗಳಲ್ಲೇ.

ನೀರುಕಾಗೆಯ ಮರದ ಲೆಕ್ಕವನ್ನು ಹುಡುಗಿಗೆ ಒಪ್ಪಿಸಲಾಗಿತ್ತು. ಒಮ್ಮೆ ಎಣಿಸಿದಾಗ ನಲವತ್ತಮೂರು ಬಂತು. ಮತ್ತೊಮ್ಮೆ ಎಣಿಸಿದಳು, ಮೂವತ್ತೊಂಬತ್ತು. ಅಷ್ಟರಲ್ಲಿ ನಾಲ್ಕಾರು ಹಾರಿದವು, ಮೂರು ಬಂದು ಕೂತವು. ಅಳು ಬರುವಂತಾಗಿತ್ತು.

"ಐವತ್ತು ಅಂತ ಬರೆದುಬಿಡು ಪುಟ್ಟಿ. ಯಾರು ಬಂದು ನೋಡ್ತಾರೆ?" ಎಂದರು ತಂದೆ.

ಹುಡುಗಿ ತಲೆಯೆತ್ತಿದಳು. "ಐವತ್ತು ಕಾಣಲಿಲ್ಲವಲ್ಲಪ್ಪ."

ಮೇಷ್ಟ್ರು ಏನೂ ಹೇಳಲಿಲ್ಲ. ಅವಳ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ಮರವನ್ನು ಕೊಂಬೆ ಕೊಂಬೆಯಾಗಿ ಹಂಚಿಕೊಂಡು ಎಣಿಸುವುದನ್ನು ತೋರಿಸಿಕೊಟ್ಟರು. ಎಡಗೊಂಬೆ ಒಬ್ಬರು, ಬಲಗೊಂಬೆ ಒಬ್ಬರು, ತುದಿ ಮತ್ತೊಬ್ಬರು. ಮೂರನೆಯ ಪಾಲು ತಂದೆಗೇ ಬಂತು. ಅವರು ಬೆರಳು ಮಡಿಸಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಕಾಗದದಲ್ಲಿ 41 ಎಂದು ಬಿತ್ತು.

ಸೊನ್ನೆಗೂ ಬೆಲೆಯಿದೆ

ಹುಡುಗಿಯ ಆಸೆ ಇದ್ದದ್ದು ಬಾತುಗಳ ಮೇಲೆ. ಹಕ್ಕಿ ಪುಸ್ತಕದಲ್ಲಿ ಸೂಜಿಬಾಲದ ಬಾತಿನ ಚಿತ್ರ ನೋಡಿ ಬಂದಿದ್ದಳು. ಇಡೀ ಕೆರೆ ಸುತ್ತಿದರೂ ಅದು ಕಾಣಲಿಲ್ಲ. ಕೆಸರಿನಲ್ಲಿ ಕೊಕ್ಕಾಡಿಸುವ ಗೊರವಗಳೂ ಹೆಚ್ಚಿಗೆ ಕಾಣಲಿಲ್ಲ. ಕಾರಣ ಸರಳ. ಮಳೆಗಾಲದ ಕೊನೆಗೆ ಕೆರೆ ದಡದವರೆಗೂ ತುಂಬಿರುತ್ತದೆ. ಉದ್ದ ಕಾಲಿನ, ಗಿಡ್ಡ ಕಾಲಿನ ಗೊರವಗಳಿಗೆ ಬೇಕಾದದ್ದು ತೆಳುನೀರು ಮತ್ತು ಕೆಸರು. ನೀರು ಇಳಿದು ಅಂಚು ಬಯಲಾದರೆ ತಾನೇ ಅವುಗಳ ಎಲೆ ಹಾಕುವುದು! ಅದೂ ಅಲ್ಲದೆ ದೂರದ ಬಾತುಗಳು ಗುಂಪಾಗಿ ಬಂದಿಳಿಯಲು ಇನ್ನೂ ಕೆಲವು ವಾರ ಬೇಕು. ನಂಜನಗೂಡು ದಾರಿಯ ಹದಿನಾರು ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಕಥೆಯೂ ಹಾಗೆಯೇ. ಹಿಮಾಲಯವನ್ನು ಹಾರಿ ದಾಟುವ ಹಕ್ಕಿ ಅದು. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ.

"ಹಾಗಾದರೆ ಬಾತಿನ ಸಾಲು ಖಾಲಿ ಬಿಡಲಾ ಸಾರ್?"

"ಖಾಲಿ ಬೇಡಮ್ಮ. ಸೊನ್ನೆ ಬರಿ. ಖಾಲಿ ಅಂದರೆ ನಾವು ನೋಡಲೇ ಇಲ್ಲ ಅಂತ. ಸೊನ್ನೆ ಅಂದರೆ ನೋಡಿದ್ವಿ, ಇರಲಿಲ್ಲ ಅಂತ."

ಈ ಸೊನ್ನೆಯಲ್ಲೇ ಗಣತಿಯ ಜೀವ ಇದೆ. ಕೆರೆ ಕೆಡುವುದು ಒಂದೇ ದಿನದಲ್ಲಿ ಅಲ್ಲ. ಪಡುವಾರಹಳ್ಳಿಯ ಕಡೆಯಿಂದ ಕೊಳಚೆ ನೀರು ಈ ಕೆರೆಗೆ ಸೇರುತ್ತದೆಂಬ ದೂರು ದಶಕಗಳದು. ಕೊಳಚೆಯಲ್ಲಿ ಗೊಬ್ಬರದ ಅಂಶ ಹೆಚ್ಚು. ಅದರಿಂದ ಪಾಚಿ, ಜೊಂಡು ಕೊಬ್ಬುತ್ತವೆ. ಅವು ಕೊಳೆತಾಗ ನೀರಿನ ಆಮ್ಲಜನಕ ಕರಗಿಹೋಗುತ್ತದೆ, ಮೀನು ಸಾಯುತ್ತದೆ. ಮೀನು ಹೋದರೆ ಹಾವಕ್ಕಿ, ಮಿಂಚುಳ್ಳಿ ಹೋಗುತ್ತವೆ. ಆದರೆ ಅಷ್ಟರಲ್ಲಿ ಕೊಳಕು ನೀರಿಗೂ ಹೊಂದಿಕೊಳ್ಳುವ ಬೇರೆ ಹಕ್ಕಿಗಳು ಬಂದು ತುಂಬಿಕೊಂಡಿರುತ್ತವೆ. ವಾಕಿಂಗ್ ಹೋಗುವವರ ಕಣ್ಣಿಗೆ 'ಹಕ್ಕಿಗಳು ಬೇಕಾದಷ್ಟಿವೆಯಲ್ಲ' ಅನ್ನಿಸುತ್ತದೆ. ಯಾವುದು ಹೋಯಿತು, ಯಾವುದು ಬಂತು ಎಂದು ಹೇಳಬಲ್ಲದ್ದು ವರ್ಷಾನುಗಟ್ಟಲೆ ಬರೆದಿಟ್ಟ ಪಟ್ಟಿ ಮಾತ್ರ.

ನೆನಪು ನಮ್ಮನ್ನು ಹೇಗೆ ದಾರಿ ತಪ್ಪಿಸುತ್ತದೆ ಎಂಬುದಕ್ಕೆ ಗುಬ್ಬಚ್ಚಿಯೇ ಸಾಕ್ಷಿ. ಗುಬ್ಬಚ್ಚಿ ದೇಶದಲ್ಲೆಲ್ಲ ಮಾಯವಾಯಿತು ಎಂದು ನಾವೆಲ್ಲ ಹೇಳುತ್ತ ಬಂದೆವು. ಆದರೆ ಹವ್ಯಾಸಿಗಳ ಲಕ್ಷಾಂತರ ಪಟ್ಟಿಗಳನ್ನು ಒಟ್ಟುಗೂಡಿಸಿ 2020ರಲ್ಲಿ ಹೊರತಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬೇರೆಯೇ ಹೇಳಿತು. ದೊಡ್ಡ ನಗರಗಳಲ್ಲಿ ಗುಬ್ಬಚ್ಚಿ ಕಡಿಮೆಯಾಗಿದೆ ನಿಜ, ಆದರೆ ಒಟ್ಟು ದೇಶದಲ್ಲಿ ಅದರ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಇದೇ ವರದಿಯ 2023ರ ಆವೃತ್ತಿ ಚಿಂತೆಗೆ ಹಚ್ಚುವ ಸಂಗತಿಯನ್ನೂ ತಂದಿತು. ದೀರ್ಘಕಾಲದ ಲೆಕ್ಕ ಸಿಕ್ಕಿದ 338 ಜಾತಿಗಳಲ್ಲಿ 60 ಪ್ರತಿಶತದಷ್ಟು ಇಳಿಮುಖವಾಗಿವೆ. ನಾವು ಗಮನಿಸಿರದ ಹಕ್ಕಿಗಳೇ ಸದ್ದಿಲ್ಲದೆ ಕರಗುತ್ತಿವೆ. ಈ ವರದಿಗೆ ಮಾಹಿತಿ ಕೊಟ್ಟವರು 30,000ಕ್ಕೂ ಹೆಚ್ಚು ಮಂದಿ ಪಕ್ಷಿವೀಕ್ಷಕರು. ಅವರಲ್ಲಿ ಹೆಚ್ಚಿನವರು ಸಂಬಳದ ವಿಜ್ಞಾನಿಗಳಲ್ಲ.

ಕೋವಿ ಬಿಟ್ಟು ಲೆಕ್ಕ ಹಿಡಿದವರು

ಎಣಿಸುವ ಈ ಹವ್ಯಾಸಕ್ಕೂ ಒಂದು ಇತಿಹಾಸವಿದೆ. ಅಮೆರಿಕದಲ್ಲಿ ಹಿಂದೆ ಕ್ರಿಸ್‌ಮಸ್ ಹಬ್ಬದ ದಿನ ಗುಂಪು ಕಟ್ಟಿಕೊಂಡು ಹೋಗಿ ಯಾರು ಹೆಚ್ಚು ಹಕ್ಕಿ, ಪ್ರಾಣಿಗಳನ್ನು ಹೊಡೆಯುತ್ತಾರೆ ಎಂದು ಪಂದ್ಯ ಕಟ್ಟುವ ರೂಢಿ ಇತ್ತು. ಕೊಲ್ಲುವುದರ ಬದಲು ಎಣಿಸೋಣ ಎಂದು ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞ 1900ರಲ್ಲಿ ಕರೆಕೊಟ್ಟರು. ಮೊದಲ ವರ್ಷ ಓಗೊಟ್ಟವರು 27 ಮಂದಿ. ಆ ಗಣತಿ ಇಂದಿಗೂ ನಿಂತಿಲ್ಲ.

ನಮ್ಮ ಕಡೆ ಸಲೀಂ ಅಲಿಯವರು 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಅವರ ಒತ್ತಾಸೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ರಾಮ್ಸರ್ ತಾಣಗಳ ಪಟ್ಟಿಗೂ ಸೇರಿತು. ಏಷ್ಯಾದ ನೀರಹಕ್ಕಿಗಳ ಜನವರಿ ಗಣತಿ 1987ರಲ್ಲಿ ಆರಂಭವಾಯಿತು. ಮೈಸೂರಿನ ಹವ್ಯಾಸಿ ನಿಸರ್ಗಪ್ರೇಮಿಗಳ ಬಳಗ 'ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್' ಸುತ್ತಲಿನ ಕೆರೆಗಳನ್ನು ವರ್ಷ ವರ್ಷವೂ ಸುತ್ತಿ ನೀರಹಕ್ಕಿಗಳನ್ನು ಎಣಿಸಿದೆ. 2014ರಿಂದ 2016ರವರೆಗೆ ಇಡೀ ಮೈಸೂರನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದಲ್ಲೂ ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಹಕ್ಕಿಗಳನ್ನು ಗುರುತಿಸಿದ ನಗರ ಪಕ್ಷಿ ನಕಾಶೆಯ ಕೆಲಸವೂ ಸ್ವಯಂಸೇವಕರಿಂದಲೇ ನಡೆಯಿತು.

ಈಗಂತೂ ಪಟ್ಟಿ ಒಪ್ಪಿಸುವುದು ಸುಲಭ. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆಯವರು 2002ರಲ್ಲಿ ಆರಂಭಿಸಿದ 'ಇ-ಬರ್ಡ್'ಗೆ ಮೊಬೈಲಿನಿಂದಲೇ ಲೆಕ್ಕ ಸೇರಿಸಬಹುದು. ಆದರೂ ನಮ್ಮ ಮೇಷ್ಟ್ರು ಕಾಗದ ಬಿಟ್ಟಿಲ್ಲ. "ಬ್ಯಾಟರಿ ಮುಗಿಯುತ್ತೆ, ಪೆನ್ಸಿಲು ಮುಗಿಯಲ್ಲ" ಎನ್ನುತ್ತಾರೆ. ನೋಡಿದ ಸ್ಥಳದಲ್ಲೇ ಬರೆ, ಮನೆಗೆ ಹೋಗಿ ನೆನಪಿನಿಂದ ಬರೆಯಬೇಡ ಎಂಬುದು ಅವರ ಇನ್ನೊಂದು ಮಾತು.

ಮಕ್ಕಳಿಗೆ, ಮನೆಯವರಿಗೆ

ಈ ಹವ್ಯಾಸಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಮೊದಲ ವರ್ಷಕ್ಕೆ ಅದು ಕಡ್ಡಾಯವಲ್ಲ. ಒಂದು ನೋಟುಪುಸ್ತಕ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಒಂದು ಹಕ್ಕಿ ಪುಸ್ತಕ, ಮಾಸಲು ಬಣ್ಣದ ಅಂಗಿ, ನೀರಿನ ಬಾಟಲಿ ಸಾಕು. ವಾರಕ್ಕೊಮ್ಮೆ ಹದಿನೈದು ನಿಮಿಷ ಮನೆಯ ಮಾಳಿಗೆಯಿಂದ ಎಣಿಸಿದರೂ ಅದು ಗಣತಿಯೇ. ಗೂಡಿನ ಹತ್ತಿರ ಹೋಗಬಾರದು, ಹಾರಿಸಿ ನೋಡಲು ಕಲ್ಲೆಸೆಯಬಾರದು, ತಿಂಡಿ ಚೆಲ್ಲಬಾರದು. ನೀರಂಚಿಗೆ ಮಕ್ಕಳು ಒಬ್ಬರೇ ಹೋಗಬಾರದು. ಹೆಸರು ಗೊತ್ತಾಗದ ಹಕ್ಕಿಗೆ ಊಹಿಸಿ ಹೆಸರಿಡಬಾರದು. ಬೆಳ್ಳಕ್ಕಿಗಳಲ್ಲೇ ಹಲವು ಬಗೆ. ಕರಿಗಾಲು, ಹಳದಿ ಪಾದ ಕಂಡರೆ ಚಿಕ್ಕ ಬೆಳ್ಳಕ್ಕಿ ಎನ್ನಬಹುದು. ಕಾಲು ಕಾಣದಿದ್ದರೆ 'ಬೆಳ್ಳಕ್ಕಿ' ಎಂದಷ್ಟೇ ಬರೆದರೆ ಅವಮಾನವೇನೂ ಇಲ್ಲ.

ಒಂಬತ್ತು ಗಂಟೆಯ ಹೊತ್ತಿಗೆ ಬಿಸಿಲು ಏರಿತು. ಹಕ್ಕಿಗಳ ಸದ್ದು ತಗ್ಗಿತು, ವಾಹನಗಳ ಸದ್ದು ಏರಿತು. ಸುತ್ತು ಮುಗಿಸಿ ಗೇಟಿನ ಬಳಿ ಕುಳಿತು ಪಟ್ಟಿ ಕೂಡಿಸಿದೆವು. ಕಾಲೇಜು ಹುಡುಗರು ಓದಿದರು, ಹುಡುಗಿ ಸರಿನೋಡಿದಳು. ನೀರುಕಾಗೆಯ ಸಾಲಿಗೆ ಬಂದಾಗ ತಂದೆ ನಡುವೆ ಬಾಯಿಹಾಕಿ, "ಅದರಲ್ಲಿ ಬಲಗೊಂಬೆಯ ಹದಿನಾಲ್ಕು ನನ್ನದು" ಎಂದರು. ಎಲ್ಲರೂ ನಕ್ಕೆವು.

ಬೆಳಗಿನ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ. ಮೇಷ್ಟ್ರೂ ನೆನಪಿಸಲಿಲ್ಲ. ಚಾಮರಾಜಪುರಂಗೆ ಮರಳುವ ದಾರಿಯಲ್ಲಿ ರೈಲು ಹಳಿಯ ಬಳಿ ಒಂದು ಸಿಪಿಲೆ ಬಾಲ ಕುಣಿಸುತ್ತ ಓಡಾಡುತ್ತಿತ್ತು. ಹುಡುಗಿ ಗಮನಿಸುವ ಮೊದಲೇ ತಂದೆ ತಟ್ಟನೆ ನಿಂತು, "ಪುಟ್ಟಿ, ಅಲ್ಲಿ ನೋಡು" ಎಂದರು. ನಂತರ ಮೇಷ್ಟ್ರ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಜನವರಿ ಗಣತಿ ಯಾವತ್ತು ಸಾರ್? ಭಾನುವಾರವಾದರೆ ನಾನೂ ಬರ್ತೀನಿ."